ಏಳನೇ ಮನೆಯ ತಾರಸಿ

ಕದ್ದವನು ಇಷ್ಟು ನಿಧಾನವಾಗಿ ಎಲೆಗೆ ಸುಣ್ಣ ಸವರುತ್ತಾನೆಯೇ? ಅಥವಾ ಈ ನಿಧಾನವೇ ನಟನೆಯೋ? ತಾಲ್ಲೂಕು ಪಂಚಾಯಿತಿಯಿಂದ ತನಿಖೆಗೆ ಬಂದಿದ್ದ ರಘೂತ್ತಮನಿಗೆ ಎದುರು ಕೂತ ಕಾವಲುಗಾರ ದೇವಯ್ಯನನ್ನು ನಂಬಲೂ ಆಗಲಿಲ್ಲ, ಅನುಮಾನಿಸಲೂ ಆಗಲಿಲ್ಲ.

ಹೆಮ್ಮಿಗೆ ಬಳಿಯ ವಸತಿ ಬಡಾವಣೆ. ಹನ್ನೆರಡು ಸರ್ಕಾರಿ ಮನೆಗಳು ಅರ್ಧಕ್ಕೆ ನಿಂತಿವೆ. ಹಲವು ದಿನಗಳ ನಂತರ ಇವತ್ತು ಬೆಳಿಗ್ಗೆ ಉಗ್ರಾಣ ತೆರೆದರೆ ಇಪ್ಪತ್ತೆರಡು ಮೂಟೆ ಸಿಮೆಂಟು ಮಾಯ! ಬೀಗ ಮಾತ್ರ ಒಡೆದಿರಲಿಲ್ಲ.

"ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಇವನನ್ನೇ ಕೆಲಸದಿಂದ ತೆಗೀತೀನಿ," ಎಂದ ಇಂಜಿನಿಯರ್ ಮುರಳೀಧರ.

"ಬೀಗದ ಕೈ ಯಾರ ಹತ್ರ ಇತ್ತು ದೇವಯ್ಯ?" ರಘೂತ್ತಮ ಕೇಳಿದ.

"ನನ್ತಾವೇ ಸಾ."

"ಬೇರೆ ಯಾರಾದ್ರೂ ಕೇಳಿದ್ರಾ?"

"ನನ್ತಾವೇ ಇತ್ತು ಸಾ."

"ಹಾಗಾದ್ರೆ ಕಳ್ಳ ನೀವೇ ಅಂತ ಆಗುತ್ತೆ!"

"ಆದ್ರೆ ಆಗ್ಲಿ ಬುಡಿ."

ಗಾರೆ ಮೇಸ್ತ್ರಿ ಮಂಟೇಸ್ವಾಮಿ ನಕ್ಕ. "ಇವನ ಸೊಂಟ ನೋಡಿ ಸಾ. ಒಂದ್ ಮೂಟೆ ಎತ್ತುದ್ರೆ ಆಮೇಲೆ ಇವನ್ನೇ ಎತ್ಬೇಕಾಯ್ತದೆ!"

ಅಷ್ಟರಲ್ಲಿ ಹೆಂಗಸೊಬ್ಬಳು ಕೊಡ ಹೊತ್ತು ಹಿಂದಿನ ಸಾಲಿನತ್ತ ಹೊರಟಳು. ಏಳನೇ ಮನೆ ಮಂಜೂರಾಗಿದ್ದ ಪುಟ್ಟಮಾದಮ್ಮ.

"ನೀರು ಎಲ್ಲಿಗವ್ವ?"

"ಗಿಡಕ್ಕೆ ಸಾ."

"ಇದು ಎಷ್ಟನೇ ಕೊಡ?"

"ಇಪ್ಪತ್ತನೇದು."

ಮೇಸ್ತ್ರಿ ಕೆಮ್ಮಿದ. ಅವಳು ಏಳನೇ ಮನೆಯ ಗೋಡೆಗೆ ಒರಗಿಸಿದ್ದ ಏಣಿ ಹತ್ತಿದಳು.

ರಘೂತ್ತಮ ಕಡತ ತೆರೆದ. ಮುಂದಿನ ಸಾಲಿಗೆ ಸಿಮೆಂಟು ಬಂದಿದೆ, ಕಂಬಿ ಬಂದಿಲ್ಲ. ಏಳನೇ ಮನೆಗೆ ಕಂಬಿ ಬಂದಿದೆ, ಸಿಮೆಂಟು ಮಂಜೂರಾಗಿಲ್ಲ.

"ಏಳನೇ ಮನೆ ಕಡೆ ಕೊನೇ ಸಲ ಯಾವಾಗ ಹೋಗಿದ್ರಿ ಮುರಳೀಧರ್?"

"ಬಿಲ್ಲೇ ಇಲ್ಲದ ಮನೆಗೆ ಯಾಕೆ ಹೋಗ್ಲಿ?"

"ಅದಕ್ಕೇ ನಿಮಗೆ ಕಾಣಲಿಲ್ಲ. ಆ ಮನೆಗೆ ತಾರಸಿ ಇಲ್ಲ ಅನ್ನುತ್ತೆ ಕಡತ. ತಾರಸಿ ಇಲ್ಲದ ಮನೆಗೆ ಏಣಿ ಯಾಕೆ? ಆಕಾಶದಲ್ಲಿ ಯಾವ ಗಿಡ ಇದೆ? ಇಪ್ಪತ್ತು ಕೊಡ ನೀರು ಬೇಕಾಗೋದು ಹೊಸದಾಗಿ ಹಾಕಿದ ತಾರಸಿ ಮೋಲ್ಡಿಗೆ. ಹಾಕಿದ್ದು ನೀವೇ ಅಲ್ವಾ ಮೇಸ್ತ್ರಿ?"

ಮಂಟೇಸ್ವಾಮಿ ತಲೆಯ ಟವೆಲ್ ತೆಗೆದ. "ಕದ್ದಿಲ್ಲ ಸಾ. ಮೂರು ತಿಂಗ್ಳಿಂದ ಸಿಮೆಂಟು ಸುಮ್ನೆ ಬಿದ್ದಿತ್ತು. ಇನ್ನೊಂದು ಮಳೆ ಬಂದಿದ್ರೆ ಕಲ್ಲಾಯ್ತಿತ್ತು. ಇತ್ಲಾಗೆ ಕಂಬಿ ತುಕ್ಕಿಡೀತಿತ್ತು. ಎಲ್ಡೂ ಸೇರುಸ್ದೆ. ಅಷ್ಟೇಯಾ. ನೀರು ಕಟ್ಟೋದು ಮುಗೀಲಿ, ಆಮೇಲೆ ನಿಮ್ಗೆ ಹೇಳ್ಮ ಅಂತಿದ್ದೆ."

ಎಲ್ಲರೂ ಏಣಿ ಹತ್ತಿದರು. ಮಣ್ಣಿನ ಬದುಗಳ ನಡುವೆ ನೀರು ತೆಳ್ಳಗೆ ನಿಂತಿತ್ತು. ಮುರಳೀಧರ ಹಿಮ್ಮಡಿಯಿಂದ ಒತ್ತಿ ನೋಡಿದ; ತಾರಸಿ ಗಟ್ಟಿಯಾಗಿತ್ತು. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ.

"ಬಿಸ್ಲು ಬತ್ತಾ ಅದೆ, ವಸಿ ಅತ್ಲಾಗ್ ನಿತ್ಕಳಿ," ಎಂದು ಪುಟ್ಟಮಾದಮ್ಮ ಕೊಡದಲ್ಲಿ ಉಳಿದ ನೀರನ್ನೂ ಸುರಿದಳು.

'ಸಿಮೆಂಟು ಕಳುವಾಗಿಲ್ಲ. ಏಳನೇ ಮನೆಯ ಮೇಲಿದೆ,' ಎಂದು ರಘೂತ್ತಮ ವರದಿ ಬರೆದ. ದೇವಯ್ಯನ ಕೆಲಸ ಉಳಿಯಿತು.

ಉಗ್ರಾಣದ ಬೀಗ ತೆಗೆದುಕೊಟ್ಟವನು ದೇವಯ್ಯನೇ. ಮೇಸ್ತ್ರಿಗಾಗಿಯೋ, ಪುಟ್ಟಮಾದಮ್ಮನಿಗಾಗಿಯೋ ಎಂದು ಅವನು ಕೊನೆಯವರೆಗೂ ಹೇಳಲಿಲ್ಲ.