ಕುಂಕುಮ ಇಟ್ಟ ಕಂಪ್ಯೂಟರ್

"ಮತ್ತೆ ನಿಂತೋಯ್ತು ಸಾರ್!" ಚಕ್ರಪಾಣಿ ಕೂಗಿದ.

ಪರದೆಯ ಮೇಲೆ ಅಕ್ಷರಗಳು ಗರಬಡಿದಂತೆ ನಿಂತಿದ್ದವು. ಯಾವ ಕೀ ಒತ್ತಿದರೂ ಮಿಸುಕಲಿಲ್ಲ. ವಿಜಯನಗರದ ಆ ಶಾಲೆಗೆ ಇದ್ದದ್ದೇ ಒಂದು ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡೇ ಒಳಗೆ ಬರಬೇಕು. ಅಷ್ಟು ಮರ್ಯಾದೆ ಅದಕ್ಕೆ!

"ಎಲ್ಲಾ ಇವಳಿಂದಾನೇ ಸಾರ್. ಆಯುಧಪೂಜೆಗೆ ಕುಂಕುಮ ಹಚ್ಚಿದ್ಲಲ್ಲ, ಒಳಗೆ ಉದುರಿರುತ್ತೆ. ಅವತ್ತಿಂದ್ಲೇ ಹಿಂಗೆ!" ಎನ್ನುತ್ತ ಅವನು ಒರೆಸುವ ಬಟ್ಟೆ ತಂದ.

ರಾಜೇಶ್ವರಿಯ ಕಿವಿ ಬಿಸಿಯಾಯಿತು. ಹಚ್ಚಿದ್ದು ಅವಳೇ.

"ರಿಪೇರಿಯವರು ಬರೋವರೆಗೂ ನೀನು ಹೊರಗೇ ಕೂತ್ಕೊಳಮ್ಮ," ಎಂದರು ನಂಜುಂಡಪ್ಪ ಸಾರ್.

ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಮನೆಯಲ್ಲಿ ಫ್ಯೂಸ್ ಹೋದರೆ ಅಪ್ಪ ಎಲ್ಲ ಸ್ವಿಚ್ಚೂ ಆರಿಸಿ, ಒಂದೊಂದೇ ಹಾಕುತ್ತ ಬರುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಕಿತಾಪತಿ ಸಿಕ್ಕಿಬಿದ್ದದ್ದು ಹಾಗೆಯೇ. ಪೂಜೆಯ ದಿನ ಇಲ್ಲಿ ಹೊಸದಾಗಿ ಬಂದದ್ದು ಕುಂಕುಮ ಒಂದೇನಾ?

"ಸಾರ್, ಚಕ್ರಪಾಣಿಯ ಮಾಮ ಸ್ಕೂಲಿಗೆ ಮೌಸ್ ಕೊಟ್ಟಿದ್ದೂ ಅವತ್ತೇ ಅಲ್ವಾ?"

"ಅದನ್ನ ಕಿತ್ತು ನೋಡಿದ್ದಾಯ್ತಲ್ಲೇ! ಆಗ್ಲೂ ನಿಂತೋಯ್ತು," ಎಂದ ಚಕ್ರಪಾಣಿ.

"ಕಿತ್ತಿದ್ದು ಮೌಸ್. ಅದನ್ನ ನಡೆಸೋಕೆ ಒಂದು ಪ್ರೋಗ್ರಾಮ್ ಹಾಕಿದ್ರಲ್ಲ ಸಾರ್, ಡ್ರೈವರ್ ಅಂತ? ಅದಿನ್ನೂ ಕಂಪ್ಯೂಟರ್ ಶುರುಮಾಡೋ ಫ್ಲಾಪಿಯಲ್ಲೇ ಇದೆಯಲ್ವಾ?"

ಸಾರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆಮೇಲೆ ಬೀರು ತೆರೆದು, ಡ್ರೈವರ್ ಇಲ್ಲದ ಹಳೇ ಫ್ಲಾಪಿ ತಂದು ಹಾಕಿ, ಕಂಪ್ಯೂಟರನ್ನು ಆರಿಸಿ ಮತ್ತೆ ಶುರುಮಾಡಿದರು. "ಕುಂಕುಮ ಮುಟ್ಟಬೇಡಿ. ಅದು ಹಾಗೇ ಇರಲಿ."

ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಹೆಸರು ಟೈಪ್ ಮಾಡಿದರು. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಡ್ರೈವರ್ ಇದ್ದ ಫ್ಲಾಪಿ ಹಾಕಿ ಶುರುಮಾಡಿದ್ದೇ ತಡ, ಮತ್ತೆ ಗಪ್‌ಚಿಪ್!

"ಭೇಷ್ ಕಣಮ್ಮ! ಇದು ನನಗೇ ಹೊಳೀಲಿಲ್ಲ ನೋಡು. ಬಾ, ಕೂತ್ಕೋ," ಎಂದು ಸಾರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ರಾಜೇಶ್ವರಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಆರ್‌ಪಿಸಿ ಲೇಔಟ್‌ನ ಮನೆಗೆ ಈಗಲೇ ಓಡಿಹೋಗಿ ಅಪ್ಪನಿಗೆ ಹೇಳಬೇಕೆನಿಸಿತು.

"ಹಂಗಾದ್ರೆ ಎಲ್ಲಾ ಚಕ್ರಪಾಣಿಯಿಂದಾನೇ! ಕೊಡಿಸ್ದ ನೋಡಪ್ಪ ದೊಡ್ಡ ಗಿಫ್ಟು!" ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಚಕ್ರಪಾಣಿ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು.

ರಾಜೇಶ್ವರಿಯ ನಾಲಿಗೆ ತುದಿಯಲ್ಲೂ ಒಂದು ಮಾತಿತ್ತು. ಆ ಕಿವಿ ಕಂಡು ನುಂಗಿಕೊಂಡಳು.

"ಮೌಸ್‌ಗೇನೂ ಆಗಿರಲ್ಲ ಕಣೋ. ಡ್ರೈವರ್ ಸರಿಯಿಲ್ಲ, ಅಷ್ಟೇ. ನಿಮ್ಮ ಮಾಮನ್ನ ಬೇರೆ ಫ್ಲಾಪಿ ಕೇಳೋಣ. ನಾನೂ ಬರ್ತೀನಿ."

ಚಕ್ರಪಾಣಿ ಕೈಯಲ್ಲಿದ್ದ ಬಟ್ಟೆಯಿಂದ ಕೀಬೋರ್ಡಿನ ಧೂಳನ್ನು ಮೆಲ್ಲಗೆ ಒರೆಸಿದ. ಕುಂಕುಮದ ತಂಟೆಗೆ ಮಾತ್ರ ಹೋಗಲಿಲ್ಲ.