ಬಣ್ಣದ ಬಾನಿಯ ಮೇಲೆ ಕುಳಿತ ಅಲೆಮಾರಿ

ಲೋಕಕ್ಕಿನ್ನೂ ಎಳೆಯ ಪ್ರಾಯವಿದ್ದಾಗ ಹೊಂಬನವೆಂಬ ರಾಜ್ಯವನ್ನು ಕೇತಲದೇವಿ ಎಂಬ ರಾಣಿ ಆಳುತ್ತಿದ್ದಳು. ಧವಳಾಕ್ಷನೆಂಬ ಮಾಂತ್ರಿಕ ಅವಳನ್ನು ಮದುವೆಯಾಗಲು ಬಂದ. ರಾಣಿ ಒಲ್ಲೆನೆಂದಳು. ಅವನು ಸಿಟ್ಟಿನಿಂದ ನೆಲಕ್ಕೆ ಕೈಯೂರಿ ಮಂತ್ರ ಹಾಕಿದ. ಅಂದಿನಿಂದ ರಾಜ್ಯದ ಹೂವೆಲ್ಲ ಬೆಳ್ಳಗೆ ಅರಳಿದವು. ಜೇನುನೊಣಗಳು ಹೂವಿನ ಗುರುತು ಸಿಗದೆ ಹಿಂದಿರುಗಿದವು. ಗಿಡಗಳು ಕಾಯಿ ಕಟ್ಟಲಿಲ್ಲ. ಮನೆಮನೆಯಲ್ಲೂ ಮಕ್ಕಳು ಹಸಿದು ಅತ್ತರು.

ಲಚ್ಚಲೆ ಅರಮನೆಗೆ ಮಾಲೆ ಕಟ್ಟುವವಳು. ಅವಳ ಪುಟ್ಟ ಮಗಳು ಮಾಬಲೆಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಕೂಸನ್ನು ರಾಣಿಯ ಮಡಿಲಲ್ಲಿಟ್ಟು ಲಚ್ಚಲೆ ಮಾಂತ್ರಿಕನ ಬೆಟ್ಟ ಹತ್ತಿದಳು.

"ನಿಮ್ಮ ಮಾಟ ತೆಗೆಯಿರಿ ಸ್ವಾಮಿ."

ಧವಳಾಕ್ಷ ನಕ್ಕ. ಅಂಗಳದಲ್ಲಿ ಒಂದು ಸಂಜೆಮಲ್ಲಿಗೆಯ ಗಿಡ ಮೊಗ್ಗು ಬಿಡುತ್ತಿತ್ತು. "ಇದರೊಳಗೆ ಒಬ್ಬ ಅಲೆಮಾರಿಯನ್ನು ಕೂರಿಸಿದ್ದೇನೆ. ಅವನು ಎದ್ದರೆ ಹೂವಿಗೆ ಬಣ್ಣ ಬರುತ್ತದೆ. ನೀನು ಅವನನ್ನು ಮೂರು ಸಲ ಕರೆಯಬಹುದು. ಒಂದೊಂದು ಕರೆಗೂ ನಿನ್ನದೊಂದು ಬಣ್ಣ ಕೊಡಬೇಕು. ಹೂವರಳಿ ಒಂದು ಜೇನುನೊಣ ಕೂತರೆ ನನ್ನ ಮಂತ್ರ ಮುರಿಯುತ್ತದೆ. ಕೂರದಿದ್ದರೆ ನೀನು ಇಲ್ಲೇ ಬಿಳಿಗಲ್ಲು."

ಅವನು ಅವಳ ಮೇಲೆ ಊದಿದ. ಲಚ್ಚಲೆ ಹೂವಿನ ಧೂಳಿನಷ್ಟು ಚಿಕ್ಕವಳಾಗಿ ಮೊಗ್ಗಿನೊಳಗೆ ಬಿದ್ದಳು. ಅಲ್ಲಿ ಕೆಲವೇ ಕೋಣೆಗಳಿದ್ದವು. ಪ್ರತಿ ಕೋಣೆಯಲ್ಲೂ ಒಂದು ಬಣ್ಣದ ಬಾನಿ. ಪ್ರತಿ ಬಾನಿಯ ಬಾಯಿಗೂ ಅದೇ ಅಲೆಮಾರಿ ಅಡ್ಡ ಕುಳಿತಿದ್ದ. ಅವಳು ನೋಡುತ್ತಿದ್ದಂತೆ ಒಂದು ಕೋಣೆ ಎರಡಾಯಿತು. ಅವನೂ ಇಬ್ಬರಾದ.

"ಅಣ್ಣಾ, ಏಳು."

"ಎದ್ದು ಎಲ್ಲಿಗೆ ಹೋಗಲಿ ತಂಗಿ? ನಾನು ಕೂತ ಮನೆಯ ಕೆಲಸ ಕೆಡುತ್ತದೆ. ಎಲ್ಲರೂ ಶಪಿಸುತ್ತಾರೆ."

"ಕೂತರೆ ತಾನೇ ಕೆಡುವುದು? ಏಳು. ನಾನು ಶಪಿಸುವುದಿಲ್ಲ."

ಒಂದು ಕೋಣೆಯಲ್ಲಿ ಅವನು ಎದ್ದ. ಬಾನಿಯ ಕೆಂಪು ಉಕ್ಕಿತು. ಆ ಕೋಣೆಯಿಂದ ಮುಂದೆ ಹುಟ್ಟಿದ ಕೋಣೆಗಳೆಲ್ಲ ಕೆಂಪಾದವು. ಎಸಳಿನ ಒಂದು ಮಗ್ಗುಲೇ ಕೆಂಪಾಯಿತು. ಲಚ್ಚಲೆಯ ತಲೆಗೂದಲು ನರೆಯಿತು.

ಮೊಗ್ಗು ಬೆಳೆಯಿತು, ಕೋಣೆಗಳು ನೂರಾರಾದವು. ಅವಳು ಮತ್ತೆ ಕರೆದಳು. ಅಲ್ಲೊಬ್ಬ ಇಲ್ಲೊಬ್ಬ ಎದ್ದ. ಮೊಗ್ಗು ಆಗಲೇ ಬಹುಪಾಲು ಬೆಳೆದಿದ್ದರಿಂದ ಈಗ ಎದ್ದವರ ಕೋಣೆಗಳಿಗೆ ಸಂತಾನ ಕಡಿಮೆ. ಹಾಗಾಗಿ ಕಿರಿದಾದ ಗೆರೆಗಳಷ್ಟೇ ಮೂಡಿದವು. ಲಚ್ಚಲೆಯ ತುಟಿ, ಅಂಗೈ ಸುಣ್ಣದಂತಾದವು.

ಹೂವರಳುವ ಹೊತ್ತು ಹತ್ತಿರವಾಯಿತು. ಹೊರಗಿನಿಂದ ಮಾಂತ್ರಿಕ ಕೂಗಿದ: "ಇನ್ನು ನಿನ್ನ ಕಣ್ಣಿನ ಬಣ್ಣ. ಕೊಟ್ಟರೆ ಮುಂದೆ ಯಾವ ಹೂವಿನ ಬಣ್ಣವೂ ನಿನಗೆ ಕಾಣದು. ಮಾಲೆ ಕಟ್ಟುವವಳು ನೀನು. ಯೋಚಿಸು."

ಲಚ್ಚಲೆ ಆ ಕೆಂಪನ್ನು ಕಣ್ತುಂಬ ನೋಡಿದಳು. ಅರಮನೆಯಲ್ಲಿ ಬಿಟ್ಟುಬಂದ ಕೂಸು ನೆನಪಾಯಿತು.

"ಅಣ್ಣಾ, ಇನ್ನೊಮ್ಮೆ ಏಳು."

ಅಲೆಮಾರಿ ನೂರು ಕಡೆ ಎದ್ದ. ಹೊತ್ತು ಮೀರಿತ್ತು. ಎದ್ದ ಕಡೆಯೆಲ್ಲ ಒಂದೊಂದು ಚುಕ್ಕಿ ಮಾತ್ರ ಬಿತ್ತು. ಅವಳಿಗೆ ಲೋಕ ಬೂದಿಯ ಹಾಗೆ ಕಂಡಿತು.

ಹೂವರಳಿತು. ಲಚ್ಚಲೆ ಹೊರಬಂದು ಮೊದಲಿನಷ್ಟಾದಳು. "ಬಿಳಿ ಇನ್ನೂ ಉಳಿದಿದೆ!" ಎಂದು ಧವಳಾಕ್ಷ ಕುಣಿದ. ಅಷ್ಟರಲ್ಲಿ ಒಂದು ಜೇನುನೊಣ ಬಂತು. ಚುಕ್ಕಿಗಳ ಮೇಲೆ ಸುಳಿದು, ಗೆರೆ ಹಿಡಿದು ನಡೆದು, ಹೂವಿನ ನಡುವೆ ಕೂತಿತು. ಮಾಂತ್ರಿಕ ಸುಣ್ಣದ ಪುಡಿಯಾಗಿ ಗಾಳಿಗೆ ಹಾರಿಹೋದ. ಬೆಟ್ಟದ ಕೆಳಗೆ ರಾಜ್ಯದ ಹೂವೆಲ್ಲ ಬಣ್ಣ ತಳೆದವು.

ರಾಣಿ ಓಡಿ ಬಂದು, ನಡೆದದ್ದನ್ನೆಲ್ಲ ಕೇಳಿ ಲಚ್ಚಲೆಯ ಕೈ ಹಿಡಿದಳು. "ಆ ಅಲೆಮಾರಿಯನ್ನು ರಾಜ್ಯದಿಂದಲೇ ಓಡಿಸಲೇ ತಾಯಿ?"

"ಬೇಡ ಮಹಾದೇವಿ. ಅವನು ಅಲೆಯಲಿ. ಕಟ್ಟಿ ಕೂರಿಸಿದ್ದೇ ತಪ್ಪು."

ಹಾಗೆ ಅವನು ಬೀಜದಿಂದ ಬೀಜಕ್ಕೆ ಅಲೆದ. ಹೊಂಬನದ ಸಂಜೆಮಲ್ಲಿಗೆಯಲ್ಲಿ ಒಂದು ಹೂವಿನಂತೆ ಇನ್ನೊಂದಿರಲಿಲ್ಲ. ಮರಗಳು ಹಣ್ಣು ಬಿಟ್ಟವು, ಮಕ್ಕಳು ಉಂಡು ಬೆಳೆದರು, ಜನ ನೆಮ್ಮದಿಯಿಂದ ಬಾಳಿದರು. ಲಚ್ಚಲೆ ಮಾಲೆ ಕಟ್ಟುವುದನ್ನು ಬಿಡಲಿಲ್ಲ. ಮಾಬಲೆ ಪಕ್ಕದಲ್ಲಿ ಕೂತು ಒಂದೊಂದೇ ಹೂವೆತ್ತಿ ಕೊಡುತ್ತಿದ್ದಳು: "ಅವ್ವಾ, ಇದು ಅರ್ಧ ಕೆಂಪು. ಇದಕ್ಕೆ ಬರೀ ಚುಕ್ಕಿ. ಇದು... ತಾಳು, ಇಂಥದ್ದನ್ನು ನಾನೂ ನೋಡಿಲ್ಲ."