ತೊಟ್ಟಿಲು ರಾಟೆಗೊಂದು ಬುಷ್

ಕಯಲ್ವಿಳಿ ಬಾಗಿಲ ಮುಂದೆ ಕೋಲಂ ರಂಗೋಲಿ ಹಾಕುತ್ತಿದ್ದಳು. ಕೊನೆಯ ಎಳೆ ಸುತ್ತಿ ಬರುವಷ್ಟರಲ್ಲಿ ಮೊಪೆಡ್ ಒಂದು ಗೇಟಿನ ಹತ್ತಿರ ಬಂದು ಗಕ್ಕನೆ ನಿಂತಿತು. ಬೆಚ್ಚಿದ ಕೈ ಅಲುಗಿ, ಹಿಟ್ಟಿನ ಗೆರೆ ಸೊಟ್ಟಗಾಯಿತು.

"ತುಳಿದಿಲ್ಲ... ತುಳಿದಿಲ್ಲ ರೀ," ಎನ್ನುತ್ತಾ ಅವನು ಮೊಪೆಡ್ಡನ್ನು ಹಿಂದಕ್ಕೆ ಎಳೆದ. ಮೂವತ್ತೈದರ ಆಸುಪಾಸಿನವನು. ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು ಉಗುರುಗಳಲ್ಲಿ. "ದೈವಾನೈ ಅಮ್ಮನ ಮನೆ ಇದೇನಾ? ನಾನು ಇಳಂಗೋ. ಲೇತ್ ಶಾಪಿನವನು."

ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಹಳೆಯ ಹಿತ್ತಾಳೆಯ ಬುಷ್, ನಡುವೆ ತೂತಿರುವ ಉಂಗುರದಂಥದ್ದು. ಮಗುವಿನ ಬಳೆಗಿಂತಲೂ ಚಿಕ್ಕದು.

ಕಯಲ್‌ಳ ಕಣ್ಣು ಕೂಡಲೇ ಅದನ್ನು ಗುರುತಿಸಿತು. ಅದು ಅವಳ ಗಂಡ ಮುಗಿಲನ್ ಮಾಡಿದ್ದು! ನವರಾತ್ರಿಯ ಗೊಂಬೆಗಳ ನಡುವೆ ತಿರುಗಲಿ ಎಂದು ಅವರಿಬ್ಬರೂ ಸೇರಿ ಮೊಳದೆತ್ತರದ ತೊಟ್ಟಿಲು ರಾಟೆ ಕಟ್ಟಿದ್ದರು, ಜಾತ್ರೆಯಲ್ಲಿ ಇರುತ್ತದಲ್ಲ, ಅಂಥದ್ದು. ಅದರ ಅಚ್ಚು, ಅಂದರೆ ನಡುವಿನ ಸರಳು, ಈ ಬುಷ್ಶಿನೊಳಗೇ ತಿರುಗಬೇಕು. ಮುಗಿಲನ್ ಹೋದ ಮೇಲೆ ಮನೆಯಲ್ಲಿ ಗೊಂಬೆ ಕೂರಿಸಿರಲಿಲ್ಲ.

"ಇದು ನಿಮ್ಮ ಕೈಗೆ ಹೇಗೆ ಬಂತು?"

"ನಾನೇ ಕಂಬದಿಂದ ಕಳಚಿ ಕೊಟ್ಟೆ ಕಣಮ್ಮಾ," ಎನ್ನುತ್ತಾ ಅತ್ತೆ ದೈವಾನೈ ಹೊರಗೆ ಬಂದರು. "ಈ ವರ್ಷನಾದ್ರೂ ಗೊಂಬೆ ಇಡೋಣ ಅಂತ ನಿಲಾ ಎಷ್ಟು ಸಲ ಕೇಳಿದ್ಳು? ಮಗನ್ನ ಕಳ್ಕೊಂಡವಳು ನಾನೂ ಹೌದು. ಆದ್ರೆ ಈ ಮಗು ಏನು ತಪ್ಪು ಮಾಡಿದೆ?"

ಕಯಲ್ ತಲೆ ತಗ್ಗಿಸಿದಳು.

ಇಳಂಗೋ ಬುಷ್ಶನ್ನು ಬೆಳಕಿಗೆ ಹಿಡಿದ. "ಇದು ಸವೆದಿದೆ ರೀ. ತೂತು ಅಗಲ ಆಗಿಬಿಟ್ಟಿದೆ. ಇದನ್ನ ನೋಡ್ಕೊಂಡು ಮಾಡಿದ್ರೆ ಸವೆತನೂ ಸೇರೇ ಬರುತ್ತೆ. ಇದರ ಜೋಡಿ ಬೇಕು... ಅಚ್ಚು. ಅದನ್ನ ಕೊಟ್ರೆ ಅದರ ಅಳತೆಗೆ ಮಾಡ್ತೀನಿ."

"ಅಚ್ಚು ಕೊಡಲ್ಲ. ರಾಟೆ ಬಿಚ್ಚೋಕೆ ಬಿಡಲ್ಲ." ಅವಳ ದನಿ ಗಟ್ಟಿಯಾಗಿತ್ತು. "ಇದು ಹೇಗಿದೆಯೋ ಹಾಗೇ ಮಾಡಿ. ಕೂದಲೆಳೆಯಷ್ಟೂ ಬದಲಾಗಬಾರದು."

"ರೀ, ಕುಂಟುತ್ತೆ ಅದು..."

"ಕುಂಟಲಿ."

ಅವನು ಅವಳ ಮುಖ ನೋಡಿದ. ವಾದ ಮಾಡಬೇಕೆಂದವನು ಬುಷ್ಶನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡ.

ಬಾಗಿಲ ಸಂದಿಯಿಂದ ಏಳು ವರ್ಷದ ಮಗಳು ನಿಲಾ ಇಣುಕಿದಳು. "ಮಾಮಾ, ನಮ್ಮ ರಾಟೆ ಮತ್ತೆ ತಿರುಗುತ್ತಾ?"

"ತಿರುಗಿಸೋಣ ಅಮ್ಮಿಣಿ. ಮೊದಲ ಸವಾರಿ ಯಾರಿಗೆ?"

"ಮೀಸೆ ಗೊಂಬೆಗೆ! ಅದಕ್ಕೆ ತಲೆ ಸುತ್ತಲ್ಲ."

ಕಯಲ್‌ಳ ತುಟಿಯಲ್ಲಿ ನಗು ಬಂದು ಅಲ್ಲೇ ಅಡಗಿತು.

ಮಾಡುವುದಕ್ಕೆ ಮೊದಲು ಇಳಂಗೋ ಎರಡು ಸಲ ಬಂದುಹೋದ. ರಾಟೆಯ ಕಂಬದ ಅಗಲ ನೋಡಲು ಒಮ್ಮೆ, ಹಿತ್ತಾಳೆಯ ಬಣ್ಣ ಒಪ್ಪಿಸಲು ಮತ್ತೊಮ್ಮೆ. ಬಂದಾಗಲೆಲ್ಲ ನಿಲಾಳಿಗೆ ಲೇತಿನಿಂದ ಸುರುಳಿ ಸುರುಳಿಯಾಗಿ ಉದುರಿದ ಹಿತ್ತಾಳೆಯ ತುಣುಕು ತರುತ್ತಿದ್ದ. ಚೂಪಿರುವ ತುದಿಗಳನ್ನು ಮೊದಲೇ ಉಜ್ಜಿ ನುಣುಪು ಮಾಡಿರುತ್ತಿದ್ದ. ಗೊಂಬೆಗಳಿಗೆ ಜುಮುಕಿ ಅಂತೆ!

ಕಯಲ್ ಅವನಿಗೆ ಕಾಫಿ ಕೊಟ್ಟಳು. ಲೋಟ ತೊಳೆದಿಟ್ಟೇ ಹೊರಡುವ ಗಂಡಸನ್ನು ಅವಳು ನೋಡಿರಲಿಲ್ಲ. 'ಇವನು ಹೋದ ಮೇಲೆ ಮನೆ ಯಾಕೆ ಇಷ್ಟು ಖಾಲಿ ಅನ್ನಿಸುತ್ತೆ?' ಎಂದುಕೊಂಡು ತನ್ನ ಮೇಲೆ ತಾನೇ ಸಿಟ್ಟಾದಳು.

"ಅಮ್ಮಾ, ಒಂದು ಕೇಳ್ಲಾ?" ಎಂದಳು ನಿಲಾ, ಜಡೆ ಹಾಕಿಸಿಕೊಳ್ಳುತ್ತಾ.

"ಏನು ಚಿನ್ನು?"

ಮಗು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿತು. "ಏನಿಲ್ಲ."

ಹೊಸ ಬುಷ್ ಬಂತು. ಥೇಟ್ ಹಳೆಯದರಂತೆಯೇ ಇತ್ತು. ಇಳಂಗೋ ಕೂರಿಸಿದ, ನಿಲಾ ಮೀಸೆ ಗೊಂಬೆಯನ್ನು ತೊಟ್ಟಿಲಲ್ಲಿ ಇಟ್ಟು ಹಿಡಿ ತಿರುಗಿಸಿದಳು. ರಾಟೆ ಅರ್ಧ ಸುತ್ತು ಬಂದು ವಾಲಿ, ಕಂಬಕ್ಕೆ ಉಜ್ಜಿ, ಕಿರ್ ಎಂದು ನಿಂತಿತು. ಗೊಂಬೆ ಕೆಳಗೆ ಬಿತ್ತು.

ನಿಲಾಳ ಕಣ್ಣು ತುಂಬಿತು.

ಎದುರು ಮನೆಯ ಪಾಪಾತಿ ಅಕ್ಕ ಕರಿಬೇವು ಕೇಳಲು ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. "ಇಷ್ಟು ಚಿಕ್ಕ ಕೆಲಸಕ್ಕೆ ಎಷ್ಟು ಸಲ ಬರ್ತಾರಪ್ಪಾ! ಸರಿ ಹೋಗಿಬಿಟ್ರೆ ಮತ್ತೆ ಬರೋಕಾಗಲ್ವಲ್ಲ."

ಅವಳು ಹೋದಳು. ಮಾತು ಹೋಗಲಿಲ್ಲ.

ಕಯಲ್‌ಳ ಮುಖ ಬಿಸಿಯಾಯಿತು. "ಅವಳು ಹೇಳಿದ್ದು ನಿಜಾನಾ? ಮತ್ತೆ ಬರೋಕೆ ನೆಪ ಬೇಕಿತ್ತಾ ನಿಮಗೆ? ಮಗು ಅಳೋದನ್ನ ನೋಡಿ..."

ಇಳಂಗೋ ಬಿದ್ದ ಗೊಂಬೆಯನ್ನು ಎತ್ತಿ ನಿಲಾಳ ಕೈಗೆ ಕೊಟ್ಟ. ಹೊರಟುಹೋದ. ಕುಡಿಯದ ಕಾಫಿ ಅಲ್ಲೇ ಆರಿತು.

ದೈವಾನೈ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಿದ್ದರು. ಕೆಲಸ ನಿಲ್ಲಿಸದೆ ಮೆಲ್ಲಗೆ ಹೇಳಿದರು, "ಕುಂಟುತ್ತೆ ಅಂತ ಅವನು ಮೊದಲೇ ಹೇಳಿದ್ದ. ಕುಂಟಲಿ ಅಂದವಳು ನೀನು."

"ಅತ್ತೆ..."

"ಅಳತೆ ಹಿಡಿದದ್ದು ಸವೆದದ್ದಕ್ಕೆ ಕಣಮ್ಮಾ. ಮುಗಿಲನ್ ಮಾಡಿದಾಗ ಅದು ಹೀಗಿರಲಿಲ್ಲ. ಎಷ್ಟು ಚೆನ್ನಾಗಿ ತಿರುಗ್ತಿತ್ತು, ಮರೆತೆಯಾ?"

ಕಯಲ್ ಮರೆತಿರಲಿಲ್ಲ. ರಾಟೆ ತಿರುಗುವಾಗ ಮುಗಿಲನ್ ಮಗುವಿನಂತೆ ಚಪ್ಪಾಳೆ ತಟ್ಟುತ್ತಿದ್ದ. ಅವನು ಬಿಟ್ಟುಹೋದದ್ದು ಆ ನಗುವನ್ನು. ತಾನು ಹಿಡಿದುಕೊಂಡು ಕೂತದ್ದು ಈ ಸವೆತವನ್ನು... ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ತನ್ನ ಕೈಯಾರೆ ರಾಟೆಯನ್ನು ಬಿಚ್ಚಿ ಅಚ್ಚನ್ನು ಹೊರತೆಗೆದಳು.

ಪೀಳಮೇಡು ಬಡಾವಣೆಯ, ಇಳಂಗೋನ ಶಾಪಿದ್ದ ಓಣಿಯಲ್ಲಿ ಮನೆಗೊಂದರಂತೆ ಲೇತಿನ ಸದ್ದು. ನಿಲಾಳ ಕೈ ಹಿಡಿದು ಕಯಲ್ ಒಳಗೆ ಬಂದಾಗ ಇಳಂಗೋ ಯಂತ್ರ ನಿಲ್ಲಿಸಿದ.

ಅವಳು ಅಚ್ಚನ್ನು ಚಾಚಿದಳು. "ಜೋಡಿ ತಂದಿದೀನಿ."

ಅವನು ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಕಿಟಕಿಯ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಇನ್ನೊಂದು ಹಿತ್ತಾಳೆಯ ಬುಷ್ ಇಳಿಸಿದ. ಹೊರಮೈ ಕೆಲಸವೆಲ್ಲ ಮುಗಿದಿತ್ತು. ಒಳಗಿನ ತೂತು ಮಾತ್ರ ಚಿಕ್ಕದು.

"ಇದನ್ನ ಯಾವಾಗ ಮಾಡಿದ್ರಿ?"

"ಅದರ ಜೊತೇಲೇ."

"ಮತ್ತೆ ಯಾಕೆ ಕೊಡ್ಲಿಲ್ಲ?"

"ನೀವು ಕೇಳಿದ್ದು ಅದನ್ನ. ಇದನ್ನ ಕೇಳಿರಲಿಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ. "ಜೋಡಿ ಬರೋವರೆಗೂ ಕೊನೆ ಕಡಿತ ಕೊಡಬಾರದು ರೀ. ಲೋಹ ತೆಗೀಬಹುದು, ತೆಗೆದದ್ದನ್ನ ಮತ್ತೆ ಸೇರಿಸೋಕಾಗಲ್ಲ. ಅದಕ್ಕೇ ಒಂಚೂರು ಬಿಟ್ಟು ಕಾಯೋದು."

"ನಾನು ಬರದೇ ಇದ್ದಿದ್ರೆ?"

"ಹಾಗೇ ಇರ್ತಿತ್ತು, ಕಿಟಕಿ ಮೇಲೆ."

ಕಯಲ್ ತಿರುಗಿ ನಿಂತಳು. ಅವಳ ಕಣ್ಣೀರು ಅವನಿಗೆ ಕಾಣಬಾರದಿತ್ತು.

ಅವನು ಸ್ವಲ್ಪ ಸ್ವಲ್ಪವಾಗಿ ಕೊರೆದ, ನಿಲ್ಲಿಸಿ ಅಚ್ಚು ಹಾಕಿ ನೋಡಿದ, ಮತ್ತೆ ಕೊರೆದ. ಕೊನೆಗೊಮ್ಮೆ ಅಚ್ಚು ತನ್ನಷ್ಟಕ್ಕೆ ತಾನೇ, ಗಾಳಿಯನ್ನು ಮೆಲ್ಲಗೆ ಹೊರತಳ್ಳುತ್ತಾ ಒಳಗಿಳಿಯಿತು.

"ಅಬ್ಬಾ," ಎಂದಳು ನಿಲಾ. "ನುಂಗಿಬಿಡ್ತು."

ಮನೆಯಲ್ಲಿ ನವರಾತ್ರಿಯ ಗೊಂಬೆಗಳ ಮೆಟ್ಟಿಲು ಸಿದ್ಧವಾಗಿತ್ತು. ರಾಟೆ ಈ ಸಲ ವಾಲಲಿಲ್ಲ. ಮೀಸೆ ಗೊಂಬೆ ಮೇಲೇರಿತು, ಇಳಿಯಿತು, ಮತ್ತೆ ಏರಿತು. ದೈವಾನೈ ಚಪ್ಪಾಳೆ ತಟ್ಟುತ್ತಾ ಅತ್ತರು. ಹಾಗೇ ಕಡಲೆ ಒಲೆಯ ಮೇಲಿದೆ ಎಂದು ಒಳಗೆ ಹೋದರು. ಕಡಲೆ ಬೆಂದು ಆಗಲೇ ಕೆಳಗಿಳಿದಿತ್ತು.

"ಆವತ್ತು ಕೇಳಿದ್ರಲ್ಲ," ಎಂದ ಇಳಂಗೋ ತಗ್ಗಿದ ದನಿಯಲ್ಲಿ, "ನೆಪ ಬೇಕಿತ್ತಾ ಅಂತ. ಬುಷ್ ನೆಪ ಅಲ್ಲ ರೀ. ಕೆಲಸದಲ್ಲಿ ನಾನು ಹಾಗೆ ಮಾಡಲ್ಲ. ಆದ್ರೆ ಮತ್ತೆ ಬರಬೇಕು ಅಂತ ಆಸೆ ಇತ್ತು. ಅದು ಸುಳ್ಳಲ್ಲ... ಈಗಲೂ ಇದೆ."

ಕಯಲ್‌ಳ ಮುಷ್ಟಿಯಲ್ಲಿ ಮುಗಿಲನ್‌ನ ಹಳೆಯ ಬುಷ್ ಇತ್ತು. 'ಇದನ್ನ ಎಲ್ಲಿಡಲಿ? ಬೀರುವಿಗೆ ಹಾಕಿದರೆ ಮರೆತ ಹಾಗೆ. ಹಿಡಿದೇ ಇದ್ದರೆ ಇನ್ನೊಂದನ್ನು ಹಿಡಿಯಲು ಕೈ ಎಲ್ಲಿದೆ?'

ಅವಳ ಕಷ್ಟ ಇಳಂಗೋಗೆ ಅರ್ಥವಾಯಿತು. "ಗೊಂಬೆಗಳಲ್ಲಿ ಹಿರಿಯರನ್ನ ಎಲ್ಲಿಡ್ತೀರಿ?"

"ಮೇಲಿನ ಮೆಟ್ಟಿಲಲ್ಲಿ."

"ಇದೂ ಹಿರಿಯದೇ ಅಲ್ವಾ, ಕಯಲ್?"

ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅವಳು ಮೆಲ್ಲಗೆ ಮುಷ್ಟಿ ಬಿಚ್ಚಿದಳು. ಮದುವೆಗೆ ತಾಯಿ ಕೊಟ್ಟಿದ್ದ ಮರದ ದಂಪತಿ ಗೊಂಬೆಗಳ ನಡುವೆ, ಮೇಲಿನ ಮೆಟ್ಟಿಲಲ್ಲಿ, ಹಳೆಯ ಬುಷ್ಶನ್ನು ಇಟ್ಟು ಅರಿಸಿನ ಕುಂಕುಮ ಹಚ್ಚಿದಳು. ಕೆಳಗೆ ರಾಟೆ ಇನ್ನೂ ತಿರುಗುತ್ತಿತ್ತು.

"ಕಾಫಿ ಕುಡಿದು ಹೋಗಿ," ಎಂದಳು. ಸ್ವಲ್ಪ ತಡೆದು, "ಆವತ್ತಿಂದು ಬಾಕಿ ಇದೆ. ನಾಳೆದೂ ಇಲ್ಲೇ ಕುಡೀರಿ."

ನಿಲಾ ಮೇಲಿನ ಮೆಟ್ಟಿಲನ್ನು ನೋಡಿದಳು. ರಾಟೆಯನ್ನು ನೋಡಿದಳು. ಅಮ್ಮನ ಸೆರಗು ಹಿಡಿದು ಜಗ್ಗಿದಳು.

"ಅಮ್ಮಾ, ಒಂದು ಕೇಳ್ಲಾ?"

"ಕೇಳು ಚಿನ್ನು." ಈ ಸಲ ಕಯಲ್ ನೆಲದ ಮೇಲೆ ಕೂತು, ಮಗಳ ಮುಖವನ್ನೇ ನೋಡುತ್ತಾ ಕಾದಳು.

"ಅಪ್ಪ ಮೇಲಿನ ಮೆಟ್ಟಿಲಲ್ಲೇ ಇರ್ತಾರಲ್ಲಾ... ಹಾಗಾದ್ರೆ ಮಾಮ ನಮ್ಮನೇಲೇ ಇದ್ಬಿಟ್ರೆ, ಅಪ್ಪಂಗೆ ಬೇಜಾರಾಗಲ್ಲ ಅಲ್ವಾ?"